ಜೂನ್ ಒಂದನೇ ತಾರೀಖಿನ ವಕೀಲ

ನಾನು ವಕೀಲನಲ್ಲ, ಹುಲಿಗೆಪ್ಪ. ಆಗಲೂ ಆಗಿರಲಿಲ್ಲ, ಈಗಲೂ ಅಲ್ಲ. ನಲವತ್ತು ವರ್ಷದಿಂದ ನೀನು ವಕೀಲ ಸಾಹೇಬ್ರ ಎಂದು ಕರೆಯುತ್ತ ಬಂದೆ, ನಾನು ಓಗೊಡುತ್ತ ಬಂದೆ. ಕುವೈತಿನಲ್ಲಿ ಕುರಿ ಕಾಯುವವರ ಜಾಗವೆಲ್ಲ ತುಂಬಿದೆ ಎಂದು ಅವತ್ತು ಹೇಳಿದೆನಲ್ಲ — ಅದೂ ಸುಳ್ಳು. ಕುವೈತಿನವರು ಹಾಗೆ ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ನಿನ್ನ ಹೆಸರಿಗೆ ಬೆಂಗಳೂರಿನಿಂದ ಬಂದ ಒಂದು ಪತ್ರ ಇವತ್ತಿಗೂ ನನ್ನ ಟ್ರಂಕಿನಲ್ಲಿದೆ, ನೀನೇ ಕೊಟ್ಟ ಕಂಬಳಿಗಳ ಕೆಳಗೆ.

ಇದನ್ನು ನಿನ್ನ ಮೊಮ್ಮಗಳು ಓದಿ ಹೇಳಲಿ. ಟೀಚರಾಗಿದ್ದಾಳಂತೆ, ನಡುವೆ ಎಲ್ಲಿಯೂ ಬಿಡದೆ ಓದುತ್ತಾಳೆ. ನೀರಮಾನ್ವಿಗೆ ನಾನೇ ಬಂದು ಹೇಳಬಹುದಿತ್ತು. ಆದರೆ ನಿನ್ನ ಎದುರು ನಿಂತರೆ ಎಲ್ಲಿ ಮತ್ತೆ ವಕೀಲನಾಗಿಬಿಡುತ್ತೇನೋ ಎಂದು ಭಯ. ಅದಕ್ಕೇ ಮೊದಲು ಕಾಗದ, ಹಿಂದಿನಿಂದ ನಾನು.

ರಾಯಚೂರಿನ ಒಬ್ಬ ದೊಡ್ಡ ವಕೀಲರ ಬಳಿ ನಾನು ಗುಮಾಸ್ತನಾಗಿದ್ದೆ. ಫೈಲು ಕಟ್ಟುವುದು, ಟೈಪು ಮಾಡುವುದು, ಪಕ್ಷಗಾರರಿಗೆ ಮುಂದಿನ ತಾರೀಖು ಹೇಳಿ ಊರಿಗೆ ಕಳಿಸುವುದು — ಇಷ್ಟೇ ನನ್ನ ವಕೀಲಿಕೆ. ಕಾನೂನು ಪರೀಕ್ಷೆಗೆ ಎರಡು ಸಲ ಕೂತಿದ್ದೆ, ಎರಡು ಸಲವೂ ಅದು ನನ್ನನ್ನು ಒಲ್ಲೆ ಎಂದಿತ್ತು. ದೇವದುರ್ಗಕ್ಕೆ ಹೆಣ್ಣು ನೋಡಲು ಹೋದಾಗ ನಮ್ಮ ಸೋದರಮಾವ ಯಾರೂ ಕೇಳುವ ಮೊದಲೇ, ಹುಡುಗ ವಕೀಲ ಎಂದುಬಿಟ್ಟ. ಆಗ ನನ್ನ ಬಾಯಿ ತುಂಬ ಮಂಡಕ್ಕಿ ಸೂಸಲ ಇತ್ತು. ಅದನ್ನು ನುಂಗಿ ಮುಗಿಸುವುದರೊಳಗೆ ಮಾತು ಬೇರೆ ಕಡೆ ಹೊರಳಿತ್ತು — ಮತ್ತೆ ಹಿಂದಕ್ಕೆ ಎಳೆಯುವ ಧೈರ್ಯ ನನಗಾಗಲಿಲ್ಲ. ಮದುವೆಯಾದ ತಿಂಗಳಿಗೇ ಹೆಂಡತಿ ಶಾಂತಮ್ಮನಿಗೆ ನಿಜ ಗೊತ್ತಾಯಿತು. ಬೈಯಲಿಲ್ಲ. ತವರಿಗೆ ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತು, ಕರೀ ಕೋಟು ತಗೊಂಡ್ರೋ ಇಲ್ಲೋ ಎಂದು ಕೇಳುತ್ತಿದ್ದಳು. ಅದು ನಮ್ಮ ವಕೀಲರು ತೊಟ್ಟು ಬಿಟ್ಟ ಕೋಟು. ತೋಳು ನನಗೆ ನಾಲ್ಕು ಬೆರಳು ಉದ್ದವಾಗುತ್ತಿತ್ತು.

ಶಾಂತಮ್ಮನ ತಂದೆ, ದೇವದುರ್ಗದಲ್ಲಿ ಜವಳಿ ಅಂಗಡಿ ಇಟ್ಟಿದ್ದ ನಮ್ಮ ಮಾವ, ಅಲ್ಲಿಯ ಸಂತೆಯಲ್ಲಿ ನಿನ್ನ ಹತ್ತಿರ ಕಂಬಳಿ ಕೊಳ್ಳುತ್ತಿದ್ದವರು. ತುರ್ತು ಪರಿಸ್ಥಿತಿ ಮುಗಿದು ಎರಡು ವರ್ಷವಾಗಿದ್ದ ಕಾಲ. ಕುವೈತಿನಲ್ಲಿ ನೀರಿನ ಟ್ಯಾಂಕರು ಓಡಿಸುತ್ತಿದ್ದ ಮಾನ್ವಿಯ ನಿನ್ನ ಗೆಳೆಯ ಒಂದು ಅರಬ್ಬಿ ಕರಾರು ಕಾಗದವನ್ನೂ ಜೊತೆಗೆ ಕನ್ನಡದ ಚೀಟಿಯನ್ನೂ ಕಳಿಸಿದ್ದ. ಅಣ್ಣತಮ್ಮ ಇಬ್ಬರಿಗೂ ಕುರಿ ಕಾಯುವ ಕೆಲಸವಿದೆ, ಸಂಕ್ರಾಂತಿಯವರೆಗೆ ಕಾಯುತ್ತಾರೆ, ಆಮೇಲೆ ಬೇರೆಯವರ ಪಾಲು. ಹೆಬ್ಬೆಟ್ಟು ಒತ್ತುವ ಮೊದಲು ಹೊರದೇಶದ ವ್ಯವಹಾರ ಬಲ್ಲ ವಕೀಲರು ಅಲ್ಲೇ ಸಮೀಪ ಇದ್ದರೆ ತೋರಿಸಿ, ಪಾಸ್‌ಪೋರ್ಟಿನ ಕಾಗದಪತ್ರ ಅವರಿಂದಲೇ ಮಾಡಿಸು ಎಂದು ಬರೆದಿದ್ದ. ನೀನು ನಮ್ಮ ಮಾವನನ್ನು ಕೇಳಿದೆ. ಅವರಿಗೆ ಅಳಿಯನ ಮೇಲೆ ಎಷ್ಟು ಹೆಮ್ಮೆಯೆಂದರೆ — ಹೊರದೇಶದ್ದೇನು, ನಮ್ಮ ಅಳಿಯ ಎಲ್ಲಾ ದೇಶದ್ದೂ ನೋಡ್ತಾನ ಎಂದರಂತೆ.

ನೀನು, ತಮ್ಮ ಮುದುಕಪ್ಪ, ನಿಮ್ಮವ್ವ ಮೂವರೂ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂತಿರಿ. ಕೋಟು ಹಾಕಿಕೊಂಡೇ ಹೊರಗೆ ಬಂದೆ. ಯಾಕೆ ಹೋಗಬೇಕು ಅಂತೀಯಪ್ಪಾ ಎಂದು ದೊಡ್ಡ ವಕೀಲರ ಧಾಟಿಯಲ್ಲಿ ಕೇಳಿದೆ. ನೀನು ಅವ್ವನ ಕಾಲು ತೋರಿಸಿದೆ. ಹಿಮ್ಮಡಿಯಲ್ಲಿ ಬೆರಳು ಹೋಗುವಷ್ಟು ಬಿರುಕು.

"ಹುಟ್ಟಿದಾಗಿಂದ ಕುರಿ ಹಿಂದ ನಡದಾಳ್ರಿ. ವರ್ಸಕ್ಕ ಎಂಟು ತಿಂಗಳು ಮಂದಿ ಹೊಲದಾಗ ಮಲಗತೀವಿ. ಬಾವಿ ಇದ್ದ ಎರಡು ಎಕರೆ ಹೊಲ ಮಾಡಿದ್ರ, ಆಕಿ ಒಂದು ಕಡೆ ಕೂಡ್ತಾಳ್ರಿ," ಎಂದೆ.

ಅಷ್ಟೇ ನಿನ್ನ ಆಸೆ. ಬಂಗಾರ ಕೇಳಲಿಲ್ಲ, ಮಾಳಿಗೆ ಕೇಳಲಿಲ್ಲ. ಆ ಕ್ಷಣವೇ ಕೋಟು ಬಿಚ್ಚಿ, ತಪ್ಪಾಯಿತು ಹುಲಿಗೆಪ್ಪ, ನಾನು ಬರೇ ಗುಮಾಸ್ತ, ಬಾ ನಮ್ಮ ವಕೀಲರ ಹತ್ತಿರ ಕರಕೊಂಡು ಹೋಗುತ್ತೇನೆ ಎಂದಿದ್ದರೆ — ಎನ್ನಲಿಲ್ಲ. ವಯಸ್ಸು ಎಷ್ಟು ಎಂದು ಕೇಳಿದೆ. ನಿಮ್ಮವ್ವ ಮುಂದಕ್ಕೆ ಸರಿದು, ದೊಡ್ಡಾವ ಹುಟ್ಟಿದಾಗ ಎಂದು ಶುರುಮಾಡಿದಳು. ಸರ್ಕಾರಕ್ಕ ಅದೆಲ್ಲ ಬ್ಯಾಡ ಯವ್ವಾ, ತಾರೀಖು ಬೇಕು ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಅವಳು ಮಾತ್ರ ನಿಲ್ಲಿಸಲಿಲ್ಲ, ಕಂಬದ ಕಡೆ ಮುಖ ಮಾಡಿ ಪೂರ್ತಿ ಹೇಳಿಯೇ ಮುಗಿಸಿದಳು.

ಆಮೇಲೆ ಹದಿನೈದು ದಿನ, ನಿನಗೆ ಗೊತ್ತಾಗದಂತೆ, ನಿಜವಾದ ವಿದೇಶದ ವಕೀಲನನ್ನು ಹುಡುಕಿದೆ. ಮೊದಲು ನಮ್ಮ ವಕೀಲರನ್ನೇ, ಯಾರದೋ ಮಾತು ಎನ್ನುವಂತೆ ಕೇಳಿದೆ. ಅವರು ಜೀವಮಾನವೆಲ್ಲ ಹೊಲದ ಹದ್ದಿನ ದಾವೆ ನಡೆಸಿದವರು. ಕುವೈತ್ ಯಾವ ತಾಲ್ಲೂಕಿಗೆ ಬರ್ತದ ಎಂದು ಕೇಳಿದರು. ಹೊರದೇಶ ಎಂದೆ. ಹೊರಗಿನದಾದರೇನು, ಪಹಣಿ ಯಾರ ಹೆಸರಿಗದ ಎಂದರು. ಅಲ್ಲಿಗೆ ಕೈ ಮುಗಿದೆ.

ನಿಜಾಮರ ಕಾಲದಲ್ಲಿ ಉರ್ದುವಿನಲ್ಲೇ ಕಾನೂನು ಓದಿದ ಹಳೆಯ ವಕೀಲರೊಬ್ಬರು ಮಾನ್ವಿಯಲ್ಲಿದ್ದರು. ಬಸ್ಸು ಹತ್ತಿ ಅಲ್ಲಿಗೆ ಹೋದೆ. ಅರಬ್ಬಿ ಕಾಗದ ಕೈಗೆ ಕೊಟ್ಟೊಡನೆ ಅವರು ಟೋಪಿ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಏನು ಕಂಠ! ಬಾಗಿಲಲ್ಲಿ ಹೋಗುವವರು ನಿಂತು ಕೇಳಿದರು. ನನ್ನ ಕಣ್ಣಲ್ಲೂ ನೀರಾಡಿತು. ಅರ್ಥ ಹೇಳ್ರಿ ಎಂದೆ.

"ಅಕ್ಷರ ನಮ್ಮವು, ಮಾತು ಅವ್ರವು. ಅರ್ಥ ನನ್ನ ಕೇಳಬ್ಯಾಡ್ರಿ," ಎಂದು ಕಾಗದ ಮಡಿಚಿ ಕೊಟ್ಟರು.

ಮತ್ತೆ ಯಾರ ಹತ್ತಿರ ಹೋಗಲಿ ಎಂದು ಕೇಳಿದ್ದಕ್ಕೆ ಚಹಾ ತರಿಸಿ, ಸಮಾಧಾನದಿಂದ ದಾರಿ ಹೇಳಿದರು. ರಾಯಚೂರಿನಲ್ಲೇ ಒಬ್ಬ ಇದ್ದಾನಂತೆ. ದೇವದುರ್ಗದ ಜವಳಿ ಅಂಗಡಿಯವರ ಅಳಿಯ. ಹೊರದೇಶದ ಕೇಸಿಗೆ ಈ ಸೀಮೆಯಲ್ಲಿ ಅವನನ್ನು ಬಿಟ್ಟರಿಲ್ಲವಂತೆ. ನನ್ನ ಹೆಸರು ಹೇಳಿ, ಬೇಗ ಮಾಡಿಕೊಡುತ್ತಾನೆ ಎಂದರು. ಚಹಾ ಕುಡಿದೆ. ಬಹಳ ಉಪಕಾರವಾಯಿತ್ರಿ ಎಂದು ಹೇಳಿ ಬಸ್‌ಸ್ಟ್ಯಾಂಡಿಗೆ ಬಂದೆ. ಹುಲಿಗೆಪ್ಪ, ಅವತ್ತು ಆ ಬಸ್ಸಿನಲ್ಲಿ ನಾನು ಒಬ್ಬನೇ ನಕ್ಕೆ. ನಗುವಂಥದ್ದೇ ಆಗಿತ್ತು. ಆದರೆ ರಾಯಚೂರು ಬಂದಾಗ ನಗು ಇರಲಿಲ್ಲ — ಇಡೀ ಸೀಮೆಯಲ್ಲಿ ನಿನಗೆ ಇದ್ದವನು ನಾನೊಬ್ಬನೇ, ಆ ನಾನೂ ಇರಲಿಲ್ಲ.

ಕೊನೆಗೆ ಪಾಸ್‌ಪೋರ್ಟಿನ ಅರ್ಜಿ ನಾನೇ ಟೈಪು ಮಾಡಿದೆ. ನಮ್ಮ ಕಡೆ ಶಾಲೆಗೆ ಮಗುವನ್ನು ಕರೆತಂದರೆ ಮಾಸ್ತರರು ಹುಟ್ಟಿದ ದಿನ ಕೇಳುವುದೇ ಇಲ್ಲ, ಜೂನ್ ಒಂದು ಎಂದು ಬರೆಯುತ್ತಾರೆ. ನನ್ನದೂ ಜೂನ್ ಒಂದೇ. ನಿನಗೂ ಅದನ್ನೇ ಹೊಡೆದೆ. ಮುದುಕಪ್ಪನಿಗೂ ಜೂನ್ ಒಂದು ಎಂದರೆ ಚೆನ್ನಾಗಿ ಕಾಣುವುದಿಲ್ಲ ಎಂದು, ಮುಂದಿನ ಇಸವಿ ಹಾಕಿ ಜನವರಿ ಒಂದು ಎಂದು ಬರೆದೆ. ಇಸವಿ ಬದಲಾಯಿತಲ್ಲ, ಅಣ್ಣತಮ್ಮಂದಿರ ನಡುವೆ ಒಂದು ವರ್ಷ ಬಂತು ಎಂದೇ ನನ್ನ ಲೆಕ್ಕ. ನಮ್ಮ ವಕೀಲರು ದಿನಾ ನೋಡದೆ ಸಹಿ ಹಾಕುವ ಕಾಗದಗಳ ನಡುವೆ ಆ ತಾರೀಖುಗಳ ಅಫಿಡವಿಟ್ಟನ್ನೂ ತೂರಿಸಿದೆ. ಅರ್ಜಿಯ ಜೊತೆ ಬೆಂಗಳೂರಿನ ಪಾಸ್‌ಪೋರ್ಟ್ ಕಚೇರಿಗೆ ಬರೆದ ಪತ್ರದಲ್ಲಿ ನನ್ನ ಹೆಸರಿನ ಕೆಳಗೆ 'ವಕೀಲರು, ರಾಯಚೂರು' ಎಂದು ಸೇರಿಸಿದೆ. ಟೈಪ್‌ರೈಟರ್ ಒಂದು ಸಲವೂ ತಡವರಿಸಲಿಲ್ಲ. ಕುರಿಯ ಹಿಂದೆ ಹೋಗುವವರ ಮನೆಗೆ ಅಂಚೆಯವನು ಬಂದರೆ ಕಾಗದ ತೆಗೆದುಕೊಳ್ಳುವವರು ಯಾರು — ಆದ್ದರಿಂದ ವಿಳಾಸವೂ ನನ್ನದೇ.

ಉತ್ತರ ಬಂದದ್ದು ಸೀಗಿ ಹುಣ್ಣಿಮೆಯ ಹಿಂದುಮುಂದೆ. ಸಂಕ್ರಾಂತಿಗೆ ಇನ್ನೂ ಮೂರು ತಿಂಗಳಿತ್ತು. ಅರ್ಜಿ ತಿರಸ್ಕರಿಸಿರಲಿಲ್ಲ. ಒಂದೇ ಪ್ರಶ್ನೆ ಕೇಳಿದ್ದರು: ಒಬ್ಬಳೇ ತಾಯಿಗೆ ಏಳು ತಿಂಗಳ ಅಂತರದಲ್ಲಿ ಇಬ್ಬರು ಮಕ್ಕಳು ಹುಟ್ಟಿದ್ದು ಹೇಗೆ, ಸರಿಯಾದ ತಾರೀಖು ತಿಳಿಸಿ, ವಕೀಲರಿಂದ ಹೊಸ ಅಫಿಡವಿಟ್ ಮಾಡಿಸಿ ಕಳಿಸಿರಿ. ಬೆರಳು ಮಡಿಚಿ ಎಣಿಸಿದೆ. ಜೂನ್, ಜುಲೈ... ಏಳೇ! ಶಾಂತಮ್ಮ ನನ್ನ ಮುಖ ನೋಡಿ ಯಾರು ಹೋದರು ಎಂದು ಕೇಳಿದಳು. ಕೋರ್ಟಿನ ಕಾಗದ ಎಂದೆ.

ಇಷ್ಟರವರೆಗಿನದು ನಗೆಪಾಟಲು. ಇಲ್ಲಿಂದ ಮುಂದಿನದು ಪಾಪ. ಅರ್ಧ ದಿನದ ಕೆಲಸವಿತ್ತು. ನಮ್ಮ ವಕೀಲರ ಮುಂದೆ ಆ ಪತ್ರ ಇಟ್ಟಿದ್ದರೆ ಬೈದಾದರೂ ಸರಿಮಾಡಿಕೊಡುತ್ತಿದ್ದರು. ಆದರೆ ಬೆಂಗಳೂರಿನವರು ವಿಳಾಸದಲ್ಲೂ ಹಾಗೇ ಬರೆದಿದ್ದ, ನನ್ನ ಹೆಸರಿನ ಕೆಳಗಿನ ಆ ಎರಡು ಶಬ್ದ ಅವರ ಕಣ್ಣಿಗೆ ಬೀಳುತ್ತಿತ್ತು. ನೌಕರಿ ಹೋಗುತ್ತಿತ್ತು, ದೇವದುರ್ಗದಲ್ಲಿ ಮಾವ ತಲೆ ತಗ್ಗಿಸುತ್ತಿದ್ದರು. ಒಂದು ಕಡೆ ನನ್ನ ಕೋಟು, ಇನ್ನೊಂದು ಕಡೆ ನಿಮ್ಮವ್ವನ ಕಾಲು — ನಾನು ಕೋಟನ್ನು ಉಳಿಸಿಕೊಂಡೆ.

ಸಂಕ್ರಾಂತಿಗೆ ಎಂಟು ದಿನವಿರುವಾಗ ನೀನು ಬಂದೆ. ಕಟ್ಟೆಯ ಮೇಲೆ ಕೂಡಲೂ ಇಲ್ಲ. ನಾನು ಹೇಳಿದೆ:

"ಅಲ್ಲಿ ಕುರಿ ಕಾಯೋರ ಜಾಗ ಎಲ್ಲಾ ತುಂಬ್ಯಾವಂತ, ಹುಲಿಗೆಪ್ಪ. ಕಾಗದ ಬಂದಿತ್ತು."

ನೀನು ಟವೆಲು ಹೆಗಲಿಗೆ ಹಾಕಿಕೊಳ್ಳುತ್ತ, "ನಮ್ಮವ್ವಗ ಏನಂತ ಹೇಳ್ಲಿರೀ?" ಎಂದು ಕೇಳಿದೆ. ಮತ್ತೆ ನೀನೇ, ನನಗೆ ಬೇಜಾರಾಗಬಾರದೆಂದು, ಭಾಳ ಓಡಾಡಿದ್ರಿ ನಮ್ಮ ಸಲುವಾಗಿ ಎಂದು ಕೈ ಮುಗಿದು ಹೋದೆ. ಆ ವರ್ಷ ಉಣ್ಣೆ ಕತ್ತರಿಸಿದ ಮೇಲೆ ಮೊದಲ ಕಂಬಳಿ ಬಂತು.

ಎಂಬತ್ತರ ದಶಕದ ನಡುವೆ ಒಮ್ಮೆ ಮಲ್ಲಟದ ಹತ್ತಿರ ಬಸ್ಸು ನಿಂತಿತು. ರಸ್ತೆ ತುಂಬ ನಿಮ್ಮ ಕುರಿ. ಕೊನೆಯಲ್ಲಿ ನಿಮ್ಮವ್ವ, ಅವತ್ತೇ ಹುಟ್ಟಿದ ಮರಿಯನ್ನು ಎದೆಗೆ ಅವಚಿಕೊಂಡು, ಕಾಲೆಳೆಯುತ್ತ ಬರುತ್ತಿದ್ದಳು. ನಾನು ಪೇಪರು ಅಡ್ಡ ಹಿಡಿದೆ. ಅವಳು ಕಿಟಕಿಯ ಬಳಿ ಬಂದು, ಆರಾಮಿದ್ದೀರೇನ್ರಿ ವಕೀಲರ ಎಂದಳು. ಪೇಪರು ತಲೆಕೆಳಗಾಗಿದ್ದುದು ಅವಳಿಗೆ ತಿಳಿಯಲಿಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ, ಅಷ್ಟೇ ನನ್ನ ಪುಣ್ಯ. ಅದಾಗಿ ಎರಡು ವರ್ಷಕ್ಕೆ, ಯಾರದೋ ಹೊಲದಲ್ಲಿ ಹಾಕಿದ ಬಿಡಾರದಲ್ಲಿ ಹೋದಳು ಎಂದು ನೀನೇ ಬಂದು ಹೇಳಿದೆ.

ಮುಂದೆ ಕುವೈತಿನಲ್ಲಿ ಯುದ್ಧವಾದಾಗ ನೀನು ತೆಂಗಿನಕಾಯಿ ಹಿಡಿದು ಬಂದು, ನೀವು ಮೊದಲೇ ತಿಳಕೊಂಡು ನಮ್ಮನ್ನ ಉಳಿಸಿದ್ರಿ ಎಂದು ನನ್ನ ಕಾಲು ಮುಟ್ಟಿದೆ. ಆ ಮಾತನ್ನೂ ನಾನು ಇಟ್ಟುಕೊಂಡೆ. ಕೆಲವು ವರ್ಷ ನಂಬಿಯೂ ನಂಬಿದೆ. ಆದರೆ ನಿನ್ನ ಟ್ಯಾಂಕರಿನ ಗೆಳೆಯ ಯುದ್ಧಕ್ಕೆ ಎಷ್ಟೋ ಮೊದಲೇ ತಿರುಗಿ ಬಂದು, ಮಾನ್ವಿಯಲ್ಲಿ ಮನೆ ಕಟ್ಟಿ, ತನ್ನ ತಾಯಿಯನ್ನು ಕಟ್ಟೆಯ ಮೇಲೆ ಕೂಡಿಸಿದ್ದ. ನಾನು ಯಾರನ್ನೂ ಉಳಿಸಲಿಲ್ಲ, ಹುಲಿಗೆಪ್ಪ.

ಕಂಬಳಿ ಹನ್ನೊಂದಿವೆ. ಶುಕ್ರವಾರ ಮೊದಲ ಬಸ್ಸಿಗೆ ತರುತ್ತೇನೆ. ಕೋಟು ಹಾಕಿಕೊಂಡು ಬರುವುದಿಲ್ಲ. ಒಳಗೆ ಕರೆದರೆ ಬರುತ್ತೇನೆ, ಇಲ್ಲದಿದ್ದರೆ ಕಂಬಳಿ ಇಟ್ಟು ಹೋಗುತ್ತೇನೆ.

ಬೆಂಗಳೂರಿನ ಪತ್ರ ಇದರ ಜೊತೆಗಿದೆ. ಅದು ಕೇಳಿದ್ದು ಒಂದೇ ಮಾತು, ನೀವಿಬ್ಬರು ಹುಟ್ಟಿದ್ದು ಯಾವಾಗ ಎಂದು. ನಿಮ್ಮವ್ವ ಅವತ್ತು ಕಂಬದ ಕಡೆ ತಿರುಗಿ ಹೇಳಿದ್ದು ನನಗೆ ಕೇಳಿಸಿತ್ತು. "ದೊಡ್ಡಾವ ರಜಾಕಾರರ ಗದ್ದಲ ಮುಗದು ಮಿಲ್ಟ್ರಿ ಬಂದ ವಾರ ಹುಟ್ಯಾನ. ಸಣ್ಣಾವ ಅದಾಗಿ ಮೂರನೇ ವರ್ಸ, ಸೀಗಿ ಹುಣ್ಣಿವಿ ದಿನ."