ನಾಲ್ವರ ಅಳತೆಯ ಕೋಣೆ

ನೆಬ್ರಾಸ್ಕಾದ ಗಾರೆ ಕೆಲಸದವನು ಓರ್ವಿಲ್ ಕುಚೆರಾ. ಅವನ ಹಿತ್ತಲಲ್ಲಿ ಅಪ್ಪ ತೋಡಿದ್ದ ಮಣ್ಣಿನ ನೆಲಗುಹೆಯೊಂದಿತ್ತು. ಸುಂಟರಗಾಳಿ ಎದ್ದರೆ ಬೀದಿಯವರೆಲ್ಲ ಅದರೊಳಗೆ ಇಳಿಯುತ್ತಿದ್ದರು. ಬಾಗಿಲಿಗೆ ಚಿಲಕವೇ ಇರಲಿಲ್ಲ. ಆಲೂಗಡ್ಡೆ ಮೂಟೆಗಳ ಮೇಲೆ ಕೂತು ಇಸ್ಪೀಟು ಆಡುತ್ತಿದ್ದರು. ಪಕ್ಕದ ಮನೆಯ ಎಮಿಲ್ ಹವ್ಲಿಚೆಕ್ ಅಕಾರ್ಡಿಯನ್ ವಾದ್ಯ ಹಿಡಿದು ಬರುತ್ತಿದ್ದ. ಅವನ ಹೆಂಡತಿ ಆಗ್ನೆಸ್ ಗಸಗಸೆ ಹೂರಣದ ಬಿಸಿ ಬನ್ನುಗಳನ್ನು ತಟ್ಟೆ ಸಮೇತ ತರುತ್ತಿದ್ದಳು. ಗಾಳಿ ನಿಂತ ಮೇಲೂ ಯಾರಿಗೂ ಮೇಲೇಳುವ ಮನಸ್ಸಾಗುತ್ತಿರಲಿಲ್ಲ.

ಬರ್ಲಿನ್ನಿನಲ್ಲಿ ಗೋಡೆ ಎದ್ದ ವರ್ಷ ಎಲ್ಲರ ಬಾಯಲ್ಲೂ ಬಾಂಬಿನ ಮಾತು. ಬಾಂಬು ಬಿದ್ದರೆ ವಿಷದ ಬೂದಿ ಸುರಿಯುತ್ತದೆ, ವಾರಗಟ್ಟಲೆ ಒಳಗೇ ಇರಬೇಕು ಎಂದು ರೇಡಿಯೋದಲ್ಲಿ ಹೇಳಿದರು. ಓರ್ವಿಲ್ ಹಳೆಯ ಗುಹೆಗೆ ಮಣ್ಣು ತುಂಬಿಸಿದ. ಮನೆಯ ನೆಲಮಾಳಿಗೆಯಲ್ಲಿ ಕಾಂಕ್ರೀಟಿನ ಕೋಣೆ ಕಟ್ಟಿದ. ತಾನು, ಹೆಂಡತಿ ಲಿಬಿ, ಇಬ್ಬರು ಹೆಣ್ಣುಮಕ್ಕಳು. ನಾಲ್ವರಿಗಾಗುವಷ್ಟೇ ಮಲಗುವ ಹಲಗೆ, ನಾಲ್ವರಿಗಾಗುವಷ್ಟೇ ನೀರು. ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಅಗುಳಿ.

"ಅಗುಳಿ ಯಾಕೆ?" ಎಂದಳು ಲಿಬಿ.

"ಮಕ್ಕಳ ಸಲುವಾಗಿ ಕಣೇ."

"ಆಗ್ನೆಸ್ ಮಕ್ಕಳು ಮಕ್ಕಳಲ್ವಾ?"

ಓರ್ವಿಲ್ ಅಗುಳಿಯ ತಿರುಪು ಬಿಗಿಮಾಡಿದ. ಕೋಣೆ ಯಾತಕ್ಕೆ ಎಂದು ಎಮಿಲ್ ಕೇಳಿದಾಗ, ತರಕಾರಿ ಇಡೋಕೆ ಎಂದ.

"ಅಷ್ಟು ದಪ್ಪ ಗೋಡೆನಾ? ಎಲೆಕೋಸು ತಪ್ಪಿಸ್ಕೊಂಡು ಓಡಿಹೋಗುತ್ತೇನೋ?" ಎಂದು ಎಮಿಲ್ ನಕ್ಕ. ಆಮೇಲೆ ಅವನು ಮೊದಲಿನ ಹಾಗೆ ಮನೆಗೆ ಬರುವುದು ಕಡಿಮೆಯಾಯಿತು.

ಮರುವರ್ಷದ ಮೇ ತಿಂಗಳ ಒಂದು ಮಧ್ಯಾಹ್ನ. ಲಿಬಿ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಕ್ಕಳೂ ಓರ್ವಿಲ್ಲನೂ ಅಲ್ಲೇ ಇದ್ದರು. ಸೈರನ್ ಕೂಗಿತು. ಗಾಳಿಗೂ ಬಾಂಬಿಗೂ ಊರಿಗೆ ಒಂದೇ ಸೈರನ್. ಒಂದೇ ಸಮನೆ ಕೂಗಿದರೆ ಗಾಳಿ, ಏರಿಳಿದು ಕೂಗಿದರೆ ಬಾಂಬು. ಓರ್ವಿಲ್ಲನ ಕಿವಿಗೆ ಅದು ಏರಿಳಿದಂತೆ ಕೇಳಿತು. ಹೆಂಡತಿ ಮಕ್ಕಳನ್ನು ಕೋಣೆಗೆ ತಳ್ಳಿ ಅಗುಳಿ ಹಾಕಿದ.

ಸ್ವಲ್ಪ ಹೊತ್ತಿಗೆ ಬಾಗಿಲು ದಬದಬ ಬಡಿದ ಸದ್ದು.

"ಓರ್ವಿಲ್, ತೆಗಿಯೋ! ಮಕ್ಕಳಿದ್ದಾರೆ!" ಆಗ್ನೆಸ್ ಕೂಗುತ್ತಿದ್ದಳು.

ಹವ್ಲಿಚೆಕ್ ಮನೆಯಲ್ಲಿ ಐದು ಜನ. ಅವರೂ ಸೇರಿದರೆ ಇದ್ದ ನೀರು ಅರ್ಧ ದಿನಗಳಿಗೂ ಸಾಲದು. ತೆಗೆದರೆ ಬೂದಿಯೂ ಒಳಗೆ ಬರುತ್ತದೆ. ಅವನ ಕೈ ಅಗುಳಿಯ ಮೇಲೇ ಇತ್ತು.

"ಅವಳ ಕೂಗು ಕೇಳ್ಕೊಂಡು ನಾನು ಇಲ್ಲಿ ನೀರು ಕುಡೀಬೇಕಾ?" ಎಂದಳು ಲಿಬಿ.

ಓರ್ವಿಲ್ ಬಾಗಿಲು ತೆಗೆದ.

ಐವರೂ ತೊಪ್ಪೆಯಾಗಿ ಒಳಗೆ ನುಗ್ಗಿದರು. "ಬೂದಿ ಬೀಳ್ತಿದೆಯಾ?" ಎಂದು ಓರ್ವಿಲ್ ಕೇಳಿದ.

"ಎಂಥ ಬೂದಿ? ಆಲಿಕಲ್ಲು ಮಾರಾಯ! ಸುಂಟರಗಾಳಿ ನಮ್ಮ ಕೊಟ್ಟಿಗೆ ಹೊತ್ಕೊಂಡು ಹೋಯ್ತು," ಎಂದ ಎಮಿಲ್. ಬಿರುಗಾಳಿ ಸೈರನ್ನಿನ ಸದ್ದನ್ನು ಎತ್ತಿ ಬೀಳಿಸಿದ್ದಷ್ಟೆ.

ಓರ್ವಿಲ್ ಗೋಡೆಗೆ ಒರಗಿ ಕೂತುಬಿಟ್ಟ. "ನಾನು ಬಾಂಬು ಅಂದ್ಕೊಂಡೆ."

ಆಗ್ನೆಸ್ ಅಗುಳಿ ನೋಡಿದಳು, ಅವನ ಮುಖ ನೋಡಿದಳು.

"ಬಾಂಬು ಅಂದ್ಕೊಂಡೇ ತೆಗೆದ್ಯಾ?"

"ಹೂಂ."

ಎಮಿಲ್ ತಲೆಯ ನೀರು ಕೊಡವಿದ. "ತೆಗೆಯೋನು ಸ್ವಲ್ಪ ಬೇಗ ತೆಗೀಬಾರದಿತ್ತಾ, ಕತ್ತೆ? ಹೋಗ್ಲಿ, ಈಗ ಆ ಕಡೆ ಸರಿ."

ಓರ್ವಿಲ್ ಸರಿದು ಜಾಗ ಕೊಟ್ಟ.