ಹತ್ತು ವರ್ಷಕ್ಕೆ ಸೊನ್ನೆಯಾಗುವ ಹೊಲಿಗೆ ಮೆಷಿನ್

ಇವತ್ತು ಮೂಡುಬಿದಿರೆಯ ಟೈಲರ್ ಅಂಗಡಿಯಲ್ಲಿ ಮೆಷಿನ್ ಎಣ್ಣೆಯ ವಾಸನೆ ಬಂತು. ಏಳನೆಯಲ್ಲಿ ಶಾಲೆ ಬಿಟ್ಟು, ವಾಮದಪದವಿನ ಮನೆಯಲ್ಲಿ ಅಮ್ಮ ಹೊಲಿದದ್ದಕ್ಕೆ ಬಟನ್ ಹಾಕುತ್ತಿದ್ದ ಕಾಲ ನೆನಪಾಯಿತು.

ನೆರೆಮನೆಯ ಪದ್ಮಜಾ ಕಾಲೇಜಿನಲ್ಲಿ ಕಾಮರ್ಸ್ ಓದುತ್ತಿದ್ದಳು. ರವಿಕೆ ಹೊಲಿಯಲು ಅಮ್ಮನಿಗೆ ಕೊಟ್ಟು, "ಲಲಿತಕ್ಕ, ನಮ್ಮ ಅಕೌಂಟ್ಸ್‌ನಲ್ಲಿ ಮೆಷಿನಿನ ಬೆಲೆ ವರ್ಷ ವರ್ಷ ಇಳಿಸ್ತೇವೆ. ಹತ್ತು ವರ್ಷಕ್ಕೆ ಸೊನ್ನೆ. ಅದಕ್ಕೆ ಸವಕಳಿ ಅಂತ ಹೇಳ್ತೇವೆ" ಎಂದಳು.

"ಎಷ್ಟೆಲ್ಲ ಗೊತ್ತುಂಟು ಮಾರಾಯ್ತಿ ನಿನಗೆ!" ಎಂದಳು ಅಮ್ಮ. ನನ್ನ ಹೊಟ್ಟೆ ಉರಿಯಿತು. ನಮ್ಮ ಮೆಷಿನಿಗೆ ಆಗಲೇ ಒಂಬತ್ತು ವರ್ಷ. ಸೊನ್ನೆಯೆಂದರೆ ಮೆಷಿನ್ ನಿಂತೇ ಹೋಗುವುದೆಂದು ತಿಳಿದೆ; ನಿಂತರೆ ಊಟಕ್ಕೇನು ಎಂಬ ಹೆದರಿಕೆ ಬೇರೆ. ಅವಳ ಮಾತು ಸುಳ್ಳಾಗಲೆಂದು ದಿನಾ ಎಣ್ಣೆ ಬಿಟ್ಟೆ. ಆ ಎಣ್ಣೆ ಅವಳ ರವಿಕೆಗೇ ಹತ್ತಿತು.

"ಇರಲಿ ಲಲಿತಕ್ಕ, ಸೆರಗಿನಡಿ ಯಾರಿಗೆ ಕಾಣ್ತದೆ?" ಎಂದು ಪದ್ಮಜಾ ನಕ್ಕಳು. ಅಮ್ಮ ನನಗೆ ಬೈದು, ಅದಕ್ಕೂ ಅವಳನ್ನೇ ಹೊಗಳಿದಳು.

ಈಗಲೂ ನಾನಿರುವ ಬಸ್ಸಿಗೆ ಅವಳು ಹತ್ತಿದರೆ, ಮುಖ ಕೊಡಲಾಗದೆ ಕಿಟಕಿಯ ಕಡೆ ತಿರುಗಿ ಕೂರುತ್ತೇನೆ.