ನಾಲ್ಕೂ ಸಿಲಿಂಡರ್ ಸರಿಯಿದ್ದ ಕಾರು

ನನ್ನ ಭಾವನಿಗೆ ಜನ ಇಟ್ಟ ಹೆಸರು ಕಿವಿ ಮೇಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತರೆ ಸಾಕು, ಗಾಡಿಯ ರೋಗ ಹೇಳಿಬಿಡುತ್ತಿದ್ದರು. ಅವರ ಗ್ಯಾರೇಜಿನ ಪಕ್ಕದಲ್ಲೇ ನನ್ನ ಬಿಡಿಭಾಗಗಳ ಅಂಗಡಿ. ಮೂವತ್ತು ವರ್ಷ ಅವರ ಜಂಭ ಕೇಳಿ ಕೇಳಿ ನನಗೆ ಸಾಕಾಗಿತ್ತು. "ಕಣ್ಣು ಹೋದ್ರೂ ಪರವಾಗಿಲ್ಲ ಕಣೋ. ಕಿವಿ ಕೈಕೊಟ್ಟ ದಿನ ಶಟರ್ ಎಳೆದು ಮನೇಲಿ ಕೂತ್ಕೋತೀನಿ" ಎನ್ನುತ್ತಿದ್ದರು.

ಆ ಸೋಮವಾರ ಆಸ್ಪತ್ರೆಯ ಸಿಸ್ಟರ್ ತಮ್ಮ ಕಾರು ಬಿಟ್ಟು ಹೋದರು. ಇಪ್ಪತ್ತೆರಡು ವರ್ಷ ಹಳೆಯ ಡೀಸೆಲ್ ಗಾಡಿ. ನಿಂತಲ್ಲೇ ಇಂಜಿನ್ ಓಡುವಾಗ ಗಡಗಡ ನಡುಗುತ್ತಿತ್ತು, ಹಿಂದೆ ಬಿಳಿ ಹೊಗೆ. ಭಾವ ತಮ್ಮ ಹಳೆಯ ವಿಧಾನವನ್ನೇ ಹಿಡಿದರು. ಇಂಜಿನ್ ಓಡುತ್ತಿರುವಾಗಲೇ ಒಂದೊಂದು ಸಿಲಿಂಡರಿಗೂ ಡೀಸೆಲ್ ಒಯ್ಯುವ ಪೈಪಿನ ನಟ್ಟನ್ನು ಸರದಿಯಂತೆ ಸಡಿಲಿಸುವುದು. ಶಬ್ದ ಕುಗ್ಗಿದರೆ ಆ ಸಿಲಿಂಡರ್ ಬದುಕಿದೆ ಎಂದರ್ಥ. ಏನೂ ಬದಲಾಗದಿದ್ದರೆ ಅದು ಸತ್ತಿದೆ. ಎರಡನೆಯದು ಸತ್ತಿತ್ತು. ನನ್ನ ಅಂಗಡಿಯಿಂದಲೇ ಡೀಸೆಲ್ ಚಿಮ್ಮಿಸುವ ಹೊಸ ನಾಝಲ್ ತಂದು ಹಾಕಿದರು. ನಡುಕ ನಿಂತಿತು, ಹೊಗೆಯೂ ನಿಂತಿತು.

"ಇನ್ನೂ ಮಿಸ್ಸಿಂಗ್ ಹೊಡೀತಿದೆ, ನಡುನಡುವೆ ಒಂದೊಂದು ಹೊಡೆತ ತಪ್ತಿದೆ" ಎಂದರು ಭಾವ.

ನಾನು ಕಿವಿಗೊಟ್ಟೆ. ಇಂಜಿನ್ ಒಂದೇ ಸಮನೆ ಓಡುತ್ತಿತ್ತು. ಮತ್ತೆ ನಾಲ್ಕೂ ನಟ್ ಸಡಿಲಿಸಿ ನೋಡಿದರು. ನಾಲ್ಕೂ ಬದುಕಿದ್ದವು. ಮಂಗಳವಾರ ಫಿಲ್ಟರ್ ಬದಲಾಯಿಸಿದರು. ಬುಧವಾರ ಎಲ್ಲೋ ಗಾಳಿ ಸೇರುತ್ತಿದೆಯೆಂದು ಪೈಪುಗಳನ್ನೆಲ್ಲ ಬದಲಾಯಿಸಿದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಆದರೆ ಆ ದಿನ ಅವರ ಮುಖದಲ್ಲಿದ್ದದ್ದು ಹಠವಲ್ಲ, ಹೆದರಿಕೆ. "ನಿನಗೆ ನಿಜವಾಗ್ಲೂ ಕೇಳಿಸ್ತಿಲ್ವಾ? ಹಾಗಾದ್ರೆ ನನ್ನ ಕಿವಿ ಹೋಯ್ತು ಬಿಡು" ಎಂದರು.

ಗುರುವಾರ ಬೆಳಗ್ಗೆ ಅಕ್ಕ ಅಂಗಡಿಗೆ ಬಂದಳು. "ನಿನ್ನೆ ಸಂಜೆ ನಿನ್ನ ಭಾವ ಸುಮ್ನೆ ಒರಗಿಕೊಂಡಿದ್ದೋರು ಎದ್ದು ಕೂತು, ಬಾಗಿಲಲ್ಲಿ ನಿಂತಿರೋ ಆ ಕಾರು ಆಫ್ ಮಾಡಿಸು ಅಂದ್ರು ಕಣೋ. ಹೊರಗೆ ಹೋಗಿ ನೋಡಿದ್ರೆ ಬೀದಿ ಪೂರ್ತಿ ಖಾಲಿ."

ಮಧ್ಯಾಹ್ನ ಸಿಸ್ಟರ್ ಕಾರು ಒಯ್ಯಲು ಬಂದರು. ಭಾವ ಸ್ಕ್ರೂಡ್ರೈವರ್ ಹಿಡಿದು ಇಂಜಿನ್ ಮೇಲೆ ಬಗ್ಗಿದ್ದರು. ಕಣ್ಣು ಮುಚ್ಚಿತ್ತು. ಎಡಗೈ ಬೆರಳು ಬಾನೆಟ್ಟಿನ ಅಂಚಿಗೆ ತಾಳ ಹಾಕುತ್ತಿತ್ತು. ಟಕ್, ಟಕ್, ಆಮೇಲೆ ಒಂದು ಬಿಡುವು. ಅವಸರದಲ್ಲಿ ಎರಡು ಟಕ್. ಮತ್ತೆ ಬಿಡುವು.

"ಸಾಕು, ಆಫ್ ಮಾಡು" ಎಂದರು ನನಗೆ.

ಆಫ್ ಮಾಡಿ ಕೀ ತೆಗೆದುಕೊಂಡೆ. ಗ್ಯಾರೇಜ್ ಸ್ತಬ್ಧವಾಯಿತು. ಬೆರಳು ಮಾತ್ರ ನಿಲ್ಲಲಿಲ್ಲ.

"ಆಫ್ ಮಾಡು ಅಂದೆನಲ್ಲ!" ಎಂದು ಗದರಿದರು.

ಕೀ ನನ್ನ ಕೈಯಲ್ಲೇ ಇತ್ತು. ಸಿಸ್ಟರ್ ಆ ಬೆರಳನ್ನೇ ದಿಟ್ಟಿಸುತ್ತಿದ್ದರು. ಹತ್ತಿರ ಹೋಗಿ, ಭಾವನ ಗ್ರೀಸು ಮೆತ್ತಿದ ಬಲಗೈಯ ಮಣಿಕಟ್ಟು ಹಿಡಿದು, ತಮ್ಮ ಗಡಿಯಾರ ನೋಡಿದರು. ಭಾವನ ಬೆರಳು ತಡೆದಾಗಲೆಲ್ಲ, ನಾಡಿಯೂ ತಡೆದಂತೆ, ಸಿಸ್ಟರ್ ತಲೆ ಸಣ್ಣಗೆ ಅಲ್ಲಾಡುತ್ತಿತ್ತು.

"ಮೇಸ್ತ್ರಿ, ನಿಮ್ಮ ಕಿವಿ ಸರಿಯಾಗೇ ಇದೆ. ನಿಮಗೆ ಕೇಳಿಸ್ತಿರೋದು ನಿಮ್ಮ ಎದೆ ಬಡಿತ."

ಭಾವ ಕಣ್ಣು ಬಿಟ್ಟು ನಕ್ಕರು. ಎಂಥ ನಗು ಅದು! "ನೋಡಿದ್ಯೇನೋ? ಕಿವಿ ಸರಿಯಾಗೇ ಇದೆಯಂತೆ!" ಎಂದು ನನ್ನ ಬೆನ್ನಿಗೊಂದು ಗುದ್ದಿದರು. ಸಿಸ್ಟರ್ ನಗಲಿಲ್ಲ. "ಕೈ ತೊಳ್ಕೊಳ್ಳೋದು ಬೇಡ. ಹಾಗೇ ಬಂದು ಕಾರಲ್ಲಿ ಕೂತ್ಕೊಳ್ಳಿ" ಎಂದರು.

ಸಿಸ್ಟರೇ ಓಡಿಸಿದರು, ನಾನು ಹಿಂದೆ ಕೂತೆ. ಅರ್ಧ ದಾರಿಯವರೆಗೆ ಭಾವ ಹೊಸ ನಾಝಲ್ ಬಗ್ಗೆ ಕೊಚ್ಚಿಕೊಳ್ಳುತ್ತಲೇ ಇದ್ದರು. ಆಮೇಲೆ ಅಂಗೈಯನ್ನು ಎದೆಗೆ ಒತ್ತಿಕೊಂಡು ಕೂತರು. ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತಾಗ ಇಂಜಿನ್ ಒಂದಿಷ್ಟೂ ನಡುಗದೆ ಓಡುತ್ತಿತ್ತು. ಸಿಸ್ಟರ್ ಕೀಗೆ ಕೈ ಹಾಕಿದರು. ಭಾವ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಆಫ್ ಮಾಡ್ಬೇಡಿ ಸಿಸ್ಟರ್, ದಮ್ಮಯ್ಯ. ಇದು ನಿಂತ್ರೆ ಅದೊಂದೇ ಕೇಳಿಸುತ್ತೆ."